ಬಾನಾದಿಂದ ಕುಂಚಕ್ಕೆ: ಜನಗಢ ಸಿಂಗ್ ಶ್ಯಾಮ್ ಮತ್ತು ‘ಸ್ವಯಂಶಿಕ್ಷಿತ’ ಎಂಬ ಪರಿಕಲ್ಪನೆ

ಕಲಾಶಾಲೆಯ ಮೆಟ್ಟಿಲು ಹತ್ತದ ಚಿತ್ರಕಾರರನ್ನು ‘ಸ್ವಯಂಶಿಕ್ಷಿತರು’ ಎಂಬ ಒಂದೇ ಮಾತಿನಲ್ಲಿ ಗುರುತಿಸುವುದು ನಮ್ಮ ಕಲಾವಿಮರ್ಶೆಯ ವಾಡಿಕೆ. ಮೇಲುನೋಟಕ್ಕೆ ಇದು ಗೌರವದ ಮಾತು. ಆದರೆ ಈ ಮಾತಿನೊಳಗೆ ಒಂದು ಪೂರ್ವಗ್ರಹ ಅಡಗಿದೆ. ಶಿಕ್ಷಣವೆಂದರೆ ಶಾಲೆಯಲ್ಲಿ ದೊರೆಯುವಂಥದು, ಶಾಲೆಯಿಲ್ಲದ ಕಡೆ ಇರುವುದು ಒಬ್ಬಂಟಿ ಪ್ರತಿಭೆ ಮಾತ್ರ ಎಂಬುದೇ ಆ ಪೂರ್ವಗ್ರಹ. ಸಮುದಾಯವೊಂದು ತನ್ನ ಮಕ್ಕಳಿಗೆ ಕಿವಿಯ ಮೂಲಕ, ಕೈಯ ಮೂಲಕ, ವರ್ಷಾವಧಿ ಆಚರಣೆಗಳ ಮೂಲಕ ಕೊಡುವ ತರಬೇತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಮಧ್ಯಪ್ರದೇಶದ ಪರಧಾನ ಗೊಂಡ ಸಮುದಾಯದ ಚಿತ್ರಕಾರ ಜನಗಢ ಸಿಂಗ್ ಶ್ಯಾಮ್ ಅವರ ಕೃತಿಗಳು ಈ ಪರಿಕಲ್ಪನೆಯನ್ನು ಮರುಪರಿಶೀಲಿಸುವಂತೆ ಒತ್ತಾಯಿಸುತ್ತವೆ. ಜನಪದ ಪುರಾಣದ ದೈವಗಳನ್ನೂ ಪ್ರಾಣಿಗಳನ್ನೂ ಕಾಗದ ಹಾಗೂ ಕ್ಯಾನ್ವಾಸಿನ ಮೇಲೆ ತಂದ ಈ ಕಲಾವಿದರನ್ನು ಜಾನಪದ ಸಂಶೋಧಕರು ಹೇಗೆ ಓದಬೇಕು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

1

ಜನಗಢರು ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಆಗ ಮಂಡಲಾ ಜಿಲ್ಲೆಗೆ ಸೇರಿದ್ದ, ಈಗ ದಿಂಡೋರಿ ಜಿಲ್ಲೆಯಲ್ಲಿರುವ ಪಾಟನ್‌ಗಢ ಎಂಬ ಹಳ್ಳಿಯಲ್ಲಿ. ಜನಗಣತಿಯವರು ಊರಿಗೆ ಬಂದಿದ್ದ ಹೊತ್ತಿನಲ್ಲಿ ಹುಟ್ಟಿದ್ದರಿಂದ ಈ ಹೆಸರು ಬಂದಿತೆಂಬ ವಿವರಣೆಯುಂಟು. ಅದು ನಿಜವಾದರೆ, ಪ್ರಭುತ್ವ ತನ್ನ ಪ್ರಜೆಗಳನ್ನು ಎಣಿಸುವ ಕ್ರಿಯೆಯೇ ಈತನಿಗೆ ಹೆಸರಾಯಿತು ಎನ್ನಬೇಕು. ಬಡತನದ ಕಾರಣ ಶಾಲೆಯನ್ನು ನಡುವಿನಲ್ಲೇ ಬಿಟ್ಟು, ಎಮ್ಮೆ ಮೇಯಿಸಿ, ಹಾಲು ಮಾರಿ ಬದುಕಿದ ಬಾಲ್ಯ ಅವರದು.

ಪಾಟನ್‌ಗಢ ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆ ಅಪರಿಚಿತ ಊರಲ್ಲ. ವೆರಿಯರ್ ಎಲ್ವಿನ್ ಮತ್ತು ಶಾಮರಾವ್ ಹಿವಾಳೆಯವರು ಕೆಲಕಾಲ ನೆಲೆಸಿ ಕೆಲಸಮಾಡಿದ ಊರು ಇದು. ನರ್ಮದೆಯ ಮೇಲ್ಕಣಿವೆಯ ಪರಧಾನರನ್ನು ಕುರಿತು ಹಿವಾಳೆಯವರು 1946ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಈ ಸಮುದಾಯದ ಅಧ್ಯಯನಕ್ಕೆ ಆಧಾರ. ಗಮನಾರ್ಹ ಸಂಗತಿಯೆಂದರೆ, ಪರಧಾನರು ಪರಂಪರೆಯಿಂದ ಚಿತ್ರಕಾರರಲ್ಲ. ಅವರು ಗೊಂಡರ ವೃತ್ತಿಗಾಯಕರು. ಗೊಂಡ ಯಜಮಾನರ ಮನೆಗಳಿಗೆ ಮೂರು ವರ್ಷಕ್ಕೊಮ್ಮೆ ಹೋಗಿ, ಬಾನಾ ಎಂಬ ಮೂರು ತಂತಿಯ ವಾದ್ಯವನ್ನು ನುಡಿಸುತ್ತ, ಆ ಮನೆತನದ ವಂಶಾವಳಿಯನ್ನೂ ಗೊಂಡ ಅರಸರ ಕಥೆಗಳನ್ನೂ ಹಾಡಿ, ಬಡಾದೇವನನ್ನು ಎಚ್ಚರಗೊಳಿಸಿ, ಪ್ರತಿಯಾಗಿ ಧಾನ್ಯ, ಬಟ್ಟೆ, ದನಗಳನ್ನು ಪಡೆಯುವುದು ಅವರ ಕುಲವೃತ್ತಿ. ಕನ್ನಡ ನಾಡಿನಲ್ಲಿ ಎತ್ತಿನ ಮೇಲೆ ಬಂದು ಒಕ್ಕಲುಗಳ ಕುಲಕಥೆಯನ್ನು ಹೇಳುವ ಹೆಳವರನ್ನು ಬಲ್ಲವರಿಗೆ ಈ ಸಂಬಂಧದ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ಹಾಡುವವನು ಬೇಡುವವನೂ ಹೌದು. ಆದರೆ ಆತ ಬಾರದಿದ್ದರೆ ಕೊಡುವವನ ವಂಶಕ್ಕೆ ನೆನಪೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೊಂಡಿ ದ್ರಾವಿಡ ಭಾಷೆ, ಕನ್ನಡದ ದೂರದ ಬಂಧು. ಬೀದರ, ಕಲಬುರಗಿ ಭಾಗದಲ್ಲಿ ಗೊಂಡ ಎಂಬ ಹೆಸರಿನ ಸಮುದಾಯವೂ ಇದೆ. ಇದನ್ನೇ ಹಿಡಿದು ಭಾಷಾ ಬಾಂಧವ್ಯದ ಮೇಲೆ ಸಂಸ್ಕೃತಿಯ ಬಾಂಧವ್ಯವನ್ನು ಕಟ್ಟುವ ಆತುರ ನಮ್ಮಲ್ಲಿ ಆಗಾಗ ಕಾಣುತ್ತದೆ. ಮಂಡಲಾ ಭಾಗದ ಪರಧಾನರ ಹಾಡುಗಳು ಹೆಚ್ಚಾಗಿ ಛತ್ತೀಸ್‌ಗಢಿ ಛಾಯೆಯ ಹಿಂದಿಯಲ್ಲಿವೆ. ಹೆಳವರೊಂದಿಗಿನ ಹೋಲಿಕೆ ವೃತ್ತಿಯ ನೆಲೆಯಲ್ಲಿ ಮಾತ್ರ ಸಲ್ಲುತ್ತದೆ. ಮೂಲದ ಏಕತೆಯನ್ನು ಅದರಿಂದ ಸಾಧಿಸಲಾಗದು.

ಬಾನಾ ವಾದ್ಯದ ಹುಟ್ಟನ್ನು ಹೇಳುವ ಐತಿಹ್ಯಕ್ಕೆ ಹಲವು ಪಾಠಗಳಿವೆ. ಅವುಗಳಲ್ಲಿ ಪ್ರಚಲಿತವಾದ ಒಂದರ ಸಾರ ಹೀಗಿದೆ: ಏಳು ಮಂದಿ ಸೋದರರಲ್ಲಿ ಹಿರಿಯರ ನಡತೆಯಿಂದ ಬೇಸತ್ತ ಬಡಾದೇವ ಸಾಜಾ ಮರವನ್ನು ಹೊಕ್ಕು ಮರೆಯಾಗುತ್ತಾನೆ. ಕಿರಿಯವನು ಅದುವರೆಗೆ ಯಾರೂ ಕೇಳಿರದ ವಾದ್ಯವೊಂದನ್ನು ಮಾಡಿ ನುಡಿಸಿದಾಗ ದೇವರು ಒಲಿಯುತ್ತಾನೆ. ಅಂದಿನಿಂದ ಹಿರಿಯರ ಸಂತತಿ ಉಳುವುದು, ಕಿರಿಯನ ಸಂತತಿ ಹಾಡುವುದು ಎಂಬ ಕಟ್ಟಳೆ. ಸಾಜಾ ಎಂದರೆ ನಮ್ಮ ಮಲೆನಾಡಿನ ಮತ್ತಿ ಮರ. ಈ ಕಥೆಯಲ್ಲಿ ದೇವರಿಗೆ ಮುಖವಿಲ್ಲ. ಆತನಿರುವುದು ಮರದಲ್ಲಿ, ಬರುವುದು ನಾದಕ್ಕೆ. ಜನಗಢರ ಚಿತ್ರಗಳ ಮುಂದೆ ನಿಂತಾಗ ಈ ಅಂಶವನ್ನು ಮರೆಯುವಂತಿಲ್ಲ.

2

ಚಿತ್ರಕಲೆಯ ತರಬೇತಿ ಪರಧಾನರಲ್ಲಿ ಇರಲೇ ಇಲ್ಲವೇ? ಇತ್ತು, ಆದರೆ ಅದು ಹೆಂಗಸರ ಕೈಯಲ್ಲಿತ್ತು. ಮನೆಯ ನೆಲ, ಗೋಡೆಗಳ ಮೇಲೆ ಕೆಮ್ಮಣ್ಣು, ಬಿಳಿಮಣ್ಣು, ಹಳದಿ ಮಣ್ಣುಗಳಿಂದ ಹಬ್ಬದ ದಿನಗಳಲ್ಲಿ ಬರೆಯುವ ‘ಢಿಗ್ನಾ’ ಎಂಬ ಜ್ಯಾಮಿತೀಯ ವಿನ್ಯಾಸಗಳೂ ಗೋಡೆಯ ಉಬ್ಬುಚಿತ್ರಗಳೂ ಅವರ ಕೆಲಸ. ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರದಂತೆ ಇಲ್ಲಿಯೂ ರೇಖೆಗಳು ಮನೆಯ ಮಂಗಳಕ್ಕೆ ಸಂಬಂಧಿಸಿದವು. ಕಥೆ ಹೇಳುವ ಹೊಣೆ ಅವುಗಳದಲ್ಲ. ಕಥೆ ಗಂಡಸರ ಕಂಠದಲ್ಲಿ, ಆಕಾರ ಹೆಂಗಸರ ಬೆರಳಿನಲ್ಲಿ. ಈ ಎರಡು ಪ್ರತ್ಯೇಕ ಶಿಕ್ಷಣಗಳು ಒಬ್ಬ ಯುವಕನಲ್ಲಿ ಒಂದಾದದ್ದೇ ಜನಗಢರ ಕಲೆಯ ಮೂಲ ಘಟನೆ ಎಂದು ನನ್ನ ಗ್ರಹಿಕೆ. ಇದನ್ನು ‘ಸ್ವಯಂಶಿಕ್ಷಣ’ ಎಂದು ಕರೆದ ಕೂಡಲೇ ಗಾಯಕರೂ ಗೋಡೆ ಬರೆದ ಹೆಂಗಸರೂ ಚರಿತ್ರೆಯಿಂದ ಒಟ್ಟಿಗೆ ಹೊರಬೀಳುತ್ತಾರೆ.

ಈ ಸಂಗಮಕ್ಕೆ ಹೊರಗಿನ ನಿಮಿತ್ತವೂ ಇತ್ತು. ಭೋಪಾಲದ ಭಾರತ ಭವನ 1982ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗುವ ಮುನ್ನ, ಅದರ ರೂಪಂಕರ್ ಕಲಾಸಂಗ್ರಹಾಲಯದ ನಿರ್ದೇಶಕರಾಗಿದ್ದ ಚಿತ್ರಕಾರ ಜೆ. ಸ್ವಾಮಿನಾಥನ್ ಅವರು ಯುವ ಕಲಾವಿದರ ತಂಡಗಳನ್ನು ರಾಜ್ಯದ ಹಳ್ಳಿಗಳಿಗೆ ಕಳುಹಿಸಿದರು. 1981ರಲ್ಲಿ ಹಾಗೆ ಹೋದ ತಂಡವೊಂದು ಪಾಟನ್‌ಗಢದ ಮನೆಯ ಗೋಡೆಯ ಮೇಲೆ ಹನುಮಂತನ ಚಿತ್ರವೊಂದನ್ನು ಕಂಡಿತು, ಬರೆದವರು ಜನಗಢರು. ಅವರು ಭೋಪಾಲಕ್ಕೆ ಬಂದರು, ಭಾರತ ಭವನದ ಮುದ್ರಣಕಲೆಯ ವಿಭಾಗದಲ್ಲಿ ಕೆಲಸಕ್ಕೆ ನಿಂತರು. ಪೋಸ್ಟರ್ ಬಣ್ಣದಲ್ಲಿ ಮೊದಲು ಕುಂಚ ಅದ್ದಿದಾಗ ಮೈ ನಡುಗಿದ ಅನುಭವವನ್ನು ಅವರು ಮುಂದೆ ಹೇಳಿಕೊಂಡಿದ್ದುಂಟು. 1986ರಲ್ಲಿ ಮಧ್ಯಪ್ರದೇಶ ಸರಕಾರದ ಶಿಖರ್ ಸಮ್ಮಾನ್, 1989ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರವು ನಡೆಸಿದ ‘ಭೂಮಿಯ ಮಾಂತ್ರಿಕರು’ ಎಂಬರ್ಥದ ಹೆಸರಿನ ಮಹಾಪ್ರದರ್ಶನದಲ್ಲಿ ಪಾಲು, ಅನಂತರ ಚಾರ್ಲ್ಸ್ ಕೊರಿಯಾ ವಿನ್ಯಾಸದ ಭೋಪಾಲ ವಿಧಾನಭವನದಲ್ಲಿ ಭಿತ್ತಿಚಿತ್ರ. ಮಾನ್ಯತೆಯ ಈ ಪಟ್ಟಿಯನ್ನು ಬೆಳೆಸುವುದು ಕಷ್ಟವಲ್ಲ, ಆದರೆ ನಮ್ಮ ಪ್ರಶ್ನೆಗೆ ಅದರಿಂದ ಹೆಚ್ಚಿನ ಬೆಳಕು ಸಿಗದು.

ಸ್ವಾಮಿನಾಥನ್ ಅವರ ನಿಲುವಿನ ಬಗ್ಗೆ ಮಾತ್ರ ಒಂದೆರಡು ಮಾತು ಅಗತ್ಯ. ಆದಿವಾಸಿ ಕಲೆ ಭೂತಕಾಲದ ಅವಶೇಷವಲ್ಲ, ನಗರದ ಆಧುನಿಕ ಕಲೆಯೊಂದಿಗೆ ಏಕಕಾಲದಲ್ಲಿ ಬಾಳುತ್ತಿರುವ ಸಮಕಾಲೀನ ಕಲೆ ಎಂಬುದು ಅವರ ವಾದ. ಎರಡನ್ನೂ ಒಂದೇ ಸಂಸ್ಥೆಯ ಸೂರಿನಡಿ ಪ್ರದರ್ಶಿಸಿದ ಅವರ ಧೈರ್ಯವನ್ನು ಕಡೆಗಣಿಸುವಂತಿಲ್ಲ. ಆದರೂ ಈ ಸಮಾನತೆ ಗೋಡೆಯ ಮೇಲಿನ ಸಮಾನತೆಯಾಗಿ ಉಳಿಯಿತೇ ಎಂಬ ಸಂಶಯ ಬಾರದಿರದು. ನಗರದ ಕಲಾವಿದನ ಕೃತಿ ಅವನ ‘ಅಭಿವ್ಯಕ್ತಿ’, ಆದಿವಾಸಿಯದು ಅವನ ಸಮುದಾಯದ ‘ಪರಂಪರೆ’ ಎಂಬ ಭೇದ ಮಾರುಕಟ್ಟೆಯಲ್ಲಿಯೂ ವಿಮರ್ಶೆಯಲ್ಲಿಯೂ ಬಹುಕಾಲ ಮುಂದುವರಿಯಿತು.

3

ಇನ್ನು ಚಿತ್ರಗಳಿಗೆ ಬರೋಣ. ಬಡಾದೇವ, ಠಾಕುರದೇವ, ಕಲ್ಸಾಹಿನ್ ದೇವಿ ಮೊದಲಾದ ದೈವಗಳು; ಹುಲಿ, ಜಿಂಕೆ, ಮೊಸಳೆ, ಆಮೆ, ಹಾವು, ಜೇಡ, ಹಕ್ಕಿಗಳು; ಮರದ ಕೊಂಬೆಯೋ ಜಿಂಕೆಯ ಕೊಂಬೋ ಎಂದು ಬೇರ್ಪಡಿಸಲಾಗದಂತೆ ಕವಲೊಡೆಯುವ ಆಕೃತಿಗಳು ಜನಗಢರ ವಸ್ತುಗಳು. ಆಕೃತಿಗಳ ಹೊರರೇಖೆ ಖಚಿತ, ಕತ್ತರಿಸಿಟ್ಟಂತೆ. ಒಳಗೆ ಚುಕ್ಕಿಗಳ, ಸಣ್ಣ ಗೀರುಗಳ, ಬಾಚಣಿಗೆಯ ಹಲ್ಲಿನಂಥ ಎಳೆಗಳ ಸಾಲುಗಳು. ಹಿಂಬದಿಯಲ್ಲಿ ಅನೇಕ ವೇಳೆ ಏನೂ ಇಲ್ಲ. ದಿಗಂತವಿಲ್ಲ, ನೆಲವಿಲ್ಲ, ನೆರಳಿಲ್ಲ.

ಈ ಶೂನ್ಯ ಹಿನ್ನೆಲೆಯನ್ನು ದೃಷ್ಟಿಕ್ರಮದ ಅಜ್ಞಾನವೆಂದು ಎಣಿಸುವವರು ಈಗ ವಿರಳ. ನನಗೆ ಇದು ಆವಾಹನೆಯ ವ್ಯಾಕರಣವಾಗಿ ಕಾಣುತ್ತದೆ. ಹಾಡಿನಲ್ಲಿ ದೈವವನ್ನು ಹೆಸರು ಹಿಡಿದು ಕರೆಯುತ್ತಾರೆ. ಕರೆದಾಗ ಅದು ಬರುತ್ತದೆ, ಎಲ್ಲಿಯೋ ಒಂದು ಭೂದೃಶ್ಯದಲ್ಲಿ ನಿಂತಿರುವುದಿಲ್ಲ. ಚಿತ್ರದಲ್ಲಿಯೂ ದೈವ ಎದುರಿಗೆ ಬಂದು ನಿಂತಿದೆ, ಅಷ್ಟೆ. ಒಳಗಿನ ಚುಕ್ಕಿಗಳ ಬಗ್ಗೆ ಹಲವು ವಿವರಣೆಗಳಿವೆ. ಗೊಂಡ ಹೆಂಗಸರ ಹಚ್ಚೆಯ ಜಾಡನ್ನು ಅವುಗಳಲ್ಲಿ ಕಂಡವರಿದ್ದಾರೆ. ಮೈದುಂಬುವ ಅನುಭವದೊಂದಿಗೆ ಅವುಗಳನ್ನು ಜೋಡಿಸಿದವರೂ ಇದ್ದಾರೆ. ಇವನ್ನು ನಿರಾಕರಿಸದೆಯೇ ಇನ್ನೊಂದು ಓದನ್ನು ಮುಂದಿಡಬಹುದು. ಮೌಖಿಕ ಮಹಾಕಾವ್ಯಗಳ ಅಧ್ಯಯನದಲ್ಲಿ ಮಿಲ್ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಅವರು ಸೂತ್ರಪದಗಳ ಮಹತ್ವವನ್ನು ತೋರಿಸಿಕೊಟ್ಟಿದ್ದಾರೆ. ಗಾಯಕ ಇಡೀ ಕಾವ್ಯವನ್ನು ಕಂಠಪಾಠ ಮಾಡಿರುವುದಿಲ್ಲ. ಸಿದ್ಧ ನುಡಿಗಟ್ಟುಗಳನ್ನು ಹೊಸದಾಗಿ ಹೆಣೆಯುತ್ತ ಪ್ರತಿ ಪ್ರದರ್ಶನದಲ್ಲಿಯೂ ಕಾವ್ಯವನ್ನು ಮರುಸೃಷ್ಟಿಸುತ್ತಾನೆ. ಜನಗಢರ ಚುಕ್ಕಿ-ಗೀರುಗಳು ಅಂಥ ಸೂತ್ರಗಳು. ಹುಲಿಯ ಮೈಯಲ್ಲಿಯೂ ದೇವಿಯ ಮೈಯಲ್ಲಿಯೂ ಅವೇ ಬರುತ್ತವೆ, ಆದರೆ ದಿಕ್ಕು, ದಟ್ಟಣೆ, ಲಯಗಳು ಬದಲಾಗುತ್ತವೆ. ಹೊರರೇಖೆ ಕಥೆಯಾದರೆ, ಒಳಗಿನ ಚುಕ್ಕಿಗಳ ಸಾಲು ಬಾನಾದ ತಂತಿಯ ಬಿಡದ ನಾದ. ಇದು ಹೋಲಿಕೆಯೇ ಹೊರತು ಪುರಾವೆಯಲ್ಲ ಎಂಬ ಅರಿವಿನಿಂದಲೇ ಇದನ್ನು ಹೇಳುತ್ತಿದ್ದೇನೆ.

ಪುರಾಣದ ಜೀವಿಗಳ ವಿಷಯದಲ್ಲಿ ಈ ಓದು ಇನ್ನಷ್ಟು ನೆರವಾಗುತ್ತದೆ. ಪರಧಾನರ ಸೃಷ್ಟಿಕಥೆಯಲ್ಲಿ ಜಗತ್ತೆಲ್ಲ ನೀರು. ಬಡಾದೇವ ತನ್ನ ಮೈಯ ಮಣ್ಣಿನಿಂದ ಕಾಗೆಯನ್ನು ಮಾಡಿ ಭೂಮಿಯನ್ನು ಹುಡುಕಲು ಅಟ್ಟುತ್ತಾನೆ. ಹಾರಿ ದಣಿದ ಕಾಗೆ ಏಡಿಯ ಕೊಂಡಿಯ ಮೇಲೆ ಕೂರುತ್ತದೆ. ಏಡಿ ಪಾತಾಳಕ್ಕಿಳಿದು, ಮಣ್ಣನ್ನು ನುಂಗಿ ಕುಳಿತ ಎರೆಹುಳುವಿನ ಕತ್ತು ಹಿಸುಕಿ ಮಣ್ಣು ಕಕ್ಕಿಸುತ್ತದೆ. ಜೇಡ ನೀರಿನ ಮೇಲೆ ಬಲೆ ನೇಯುತ್ತದೆ. ಆ ಬಲೆಯ ಮೇಲೆ ಮಣ್ಣು ಹರಡಿ ಭೂಮಿಯಾಗುತ್ತದೆ. ಇಲ್ಲಿ ದೇವರು ಒಬ್ಬನೇ ಕರ್ತನಲ್ಲ. ಕಾಗೆ, ಏಡಿ, ಎರೆಹುಳು, ಜೇಡಗಳು ಸಹಕರ್ತೃಗಳು. ಜನಗಢರು 1988ರಲ್ಲಿ ಬರೆದ, ಜೇಡವಿರುವ ಭೂದೃಶ್ಯದ ಪ್ರಸಿದ್ಧ ಕ್ಯಾನ್ವಾಸನ್ನು ಈ ಕಥೆ ತಿಳಿಯದವರು ಕೀಟದ ಚಿತ್ರವೆಂದು ನೋಡಿಯಾರು. ಕಥೆ ಬಲ್ಲವರಿಗೆ ಭೂಮಿಯನ್ನು ಹೊತ್ತ ನೇಯ್ಗೆ ಅಲ್ಲಿ ಕಾಣುತ್ತದೆ. ಹಾಗೆಂದು ಚಿತ್ರ ಕಥೆಯ ಸಚಿತ್ರ ವಿವರಣೆಯೂ ಅಲ್ಲ. ಕಾಗೆಯಿಲ್ಲದೆ, ಏಡಿಯಿಲ್ಲದೆ, ಜೇಡವನ್ನಷ್ಟೇ ಆರಿಸಿಕೊಂಡಾಗ ಕಥೆಯ ಭಾರವೆಲ್ಲ ಒಂದು ಜೀವಿಯ ಮೇಲೆ ಬೀಳುತ್ತದೆ. ಆ ಆಯ್ಕೆ ಜನಗಢರದು. ಪರಂಪರೆ ಅದನ್ನು ಅವರ ಪರವಾಗಿ ಮಾಡಿಕೊಟ್ಟಿಲ್ಲ.

ಇದಕ್ಕಿಂತಲೂ ದೊಡ್ಡ ಆಯ್ಕೆ ದೈವಗಳಿಗೆ ಮುಖ ಕೊಟ್ಟದ್ದು. ಮರದಲ್ಲಿ, ಕಲ್ಲಿನಲ್ಲಿ, ನಾದದಲ್ಲಿ ಇದ್ದ ದೇವರುಗಳಿಗೆ ಕಣ್ಣು, ಕೈ, ಕೋರೆಹಲ್ಲುಗಳನ್ನು ಬರೆಯುವುದು ಸಾಮಾನ್ಯ ಸಾಹಸವಲ್ಲ. ಇದರಿಂದ ಕಳೆದುಕೊಂಡದ್ದೂ ಇದೆ. ಹಾಡಿನಲ್ಲಿ ಬಡಾದೇವ ಕೇಳುಗನ ಮನಸ್ಸಿನಷ್ಟು ಬಗೆಯಾಗಿದ್ದ. ಚಿತ್ರದಲ್ಲಿ ಅವನಿಗೆ ಒಂದು ರೂಪ ನಿಂತುಬಿಟ್ಟಿತು, ಮುಂದೆ ನೂರಾರು ಕೈಗಳು ಆ ರೂಪವನ್ನು ನಕಲುಮಾಡಿದವು. ಅದೇ ಹೊತ್ತಿಗೆ ಇನ್ನೊಂದನ್ನೂ ನೆನೆಯಬೇಕು: ಯಜಮಾನ ಪದ್ಧತಿ ಸಡಿಲಗೊಂಡು, ಬಾನಾ ಹಿಡಿದು ಬಂದವನಿಗೆ ಧಾನ್ಯ ಅಳೆಯುವ ಮನೆಗಳು ಕಡಿಮೆಯಾಗುತ್ತಿದ್ದ ಕಾಲ ಅದು. ಕೇಳುವವರಿಲ್ಲದ ಹಾಡಿಗೆ ನೋಡುವವರನ್ನು ಹುಡುಕಿಕೊಟ್ಟದ್ದು ಕುಂಚ. ನಷ್ಟ ಲಾಭಗಳನ್ನು ತೂಗುವಾಗ ಈ ವಾಸ್ತವವನ್ನು ತಕ್ಕಡಿಯಿಂದ ಕೆಳಗಿಡುವಂತಿಲ್ಲ.

4

ಜನಗಢರು ತಮ್ಮ ಊರಿನ ಬಂಧುಗಳನ್ನು ಭೋಪಾಲಕ್ಕೆ ಕರೆಸಿಕೊಂಡರು. ದೊಡ್ಡ ಕೆಲಸಗಳಲ್ಲಿ ಅವರು ಹೊರರೇಖೆ ಹಾಕಿದರೆ ಉಳಿದವರು ಒಳಗೆ ತುಂಬುವುದು. ಆಮೇಲೆ ಒಬ್ಬೊಬ್ಬರೂ ತಮ್ಮದೇ ಚಿತ್ರ ಬರೆಯತೊಡಗುವುದು. ಹೀಗೆ ಬೆಳೆದ ಬರವಣಿಗೆಗೆ ‘ಜನಗಢ ಕಲಮ್’ ಎಂಬ ಹೆಸರು ಹಿಂದಿ ಲೇಖಕ ಉದಯನ್ ವಾಜಪೇಯಿಯಂಥವರ ಬರಹಗಳಿಂದ ರೂಢಿಗೆ ಬಂದಿದೆ. ಕಾಂಗ್ಡಾ ಕಲಮ್, ಬೂಂದಿ ಕಲಮ್ ಎಂದು ನಾಡಿನ ಹೆಸರಿನಿಂದ ಶೈಲಿಯನ್ನು ಕರೆಯುವ ರೂಢಿಯಿದ್ದ ಕಡೆ, ಒಬ್ಬ ವ್ಯಕ್ತಿಯ ಹೆಸರಿನಿಂದ ಶೈಲಿಯೊಂದು ಗುರುತಾದದ್ದು ವಿಶೇಷ.

ಈ ಬಳಗದ ಸದಸ್ಯರ ನಡುವೆ ಒಂದು ಅಲಿಖಿತ ನಿಯಮವಿದೆ. ಪ್ರತಿಯೊಬ್ಬ ಕಲಾವಿದನಿಗೂ ತನ್ನದೇ ಆದ ತುಂಬುವಿಕೆಯ ಗುರುತು ಇರಬೇಕು. ಒಬ್ಬರದು ಸರಪಳಿ, ಒಬ್ಬರದು ಬೀಜ, ಒಬ್ಬರದು ಅಲೆ. ಪ್ರತಿ ಗಾಯಕನಿಗೂ ಅವನದೇ ಮಟ್ಟು ಇರುವಂತೆ ಇದು. ಆರಂಭದಲ್ಲಿ ಜನಗಢರ ಚಿತ್ರಗಳಿಗೆ ಸಣ್ಣ ಗೀರು ತುಂಬುತ್ತಿದ್ದ ಸೋದರಳಿಯ ಭಜ್ಜೂ ಶ್ಯಾಮ್ ಅವರು ಲಂಡನ್ನಿಗೆ ಹೋಗಿ ಬಂದ ಅನುಭವವನ್ನು 2004ರಲ್ಲಿ ಚೆನ್ನೈನ ತಾರಾ ಬುಕ್ಸ್ ಪ್ರಕಟಿಸಿದ ‘ದಿ ಲಂಡನ್ ಜಂಗಲ್ ಬುಕ್’ನಲ್ಲಿ ಚಿತ್ರಿಸಿದರು. ಅದರಲ್ಲಿ ಗಂಟೆ ಗೋಪುರ ಹುಂಜವಾಗಿದೆ, ಬಸ್ಸು ನಂಬಿಕೆಯ ನಾಯಿಯಾಗಿದೆ, ನೆಲದಡಿಯ ರೈಲು ಎರೆಹುಳುವಾಗಿದೆ. ಪಾತಾಳದಲ್ಲಿ ಮಣ್ಣು ನುಂಗಿ ಕುಳಿತಿದ್ದ ಸೃಷ್ಟಿಕಥೆಯ ಎರೆಹುಳುವೇ ಲಂಡನ್ನಿನ ಸುರಂಗದಲ್ಲಿ ಹರಿದಾಡುತ್ತಿದೆ. ಕಿಪ್ಲಿಂಗ್ ಬರೆದ ಕಾಡಿಗೆ ಆ ಕಾಡಿನ ಸೀಮೆಯವನೊಬ್ಬ ಕೊಟ್ಟ ನಗುಮೊಗದ ಉತ್ತರವಿದು. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಗಳು ಅಂಬೇಡ್ಕರ್ ಅವರ ಬದುಕನ್ನು ಕುರಿತ ‘ಭೀಮಾಯನ’ (2011) ಚಿತ್ರಕಾದಂಬರಿಗೆ ಬರೆದಾಗ, ಪುಟವನ್ನು ಚೌಕಟ್ಟುಗಳಾಗಿ ಕತ್ತರಿಸಲು ಒಪ್ಪದೆ, ಢಿಗ್ನಾದ ಬಳ್ಳಿಯಂಥ ಪಟ್ಟಿಗಳಿಂದ ಪುಟವನ್ನು ಭಾಗಿಸಿದರು. ಹೆಂಗಸರ ನೆಲದ ಚಿತ್ತಾರ ಇಲ್ಲಿ ಅಸ್ಪೃಶ್ಯತೆಯ ಕಥೆಗೆ ಅಂಗಳವಾಯಿತು. ಜನಪದ ರೂಪವು ಜನಪದ ವಸ್ತುವಿಗೆ ಮಾತ್ರ ಸಲ್ಲುತ್ತದೆ ಎಂಬ ನಂಬಿಕೆಯನ್ನು ಈ ಎರಡು ಕೃತಿಗಳು ಬದಿಗೆ ಸರಿಸುತ್ತವೆ. ಭಜ್ಜೂ ಶ್ಯಾಮ್ ಅವರಿಗೆ 2018ರಲ್ಲಿ, ದುರ್ಗಾಬಾಯಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಜನಗಢರು ಇದಾವುದನ್ನೂ ನೋಡಲಿಲ್ಲ. ಜಪಾನಿನ ನೀಗಾಟಾ ಪ್ರಾಂತ್ಯದ ಒಂದು ವಸ್ತುಸಂಗ್ರಹಾಲಯಕ್ಕೆ ಚಿತ್ರ ಬರೆಯಲು ಹೋಗಿದ್ದಾಗ, 2001ರ ಜುಲೈನಲ್ಲಿ, ಅವರು ಅಲ್ಲಿಯೇ ತಮ್ಮ ಬದುಕನ್ನು ಕೊನೆಗಾಣಿಸಿಕೊಂಡರು. ಆಗ ಅವರಿಗೆ ನಲವತ್ತರ ಆಸುಪಾಸು. ಕಾರಣಗಳ ಬಗ್ಗೆ ಬಂದ ಊಹೆಗಳನ್ನು ಇಲ್ಲಿ ಬೆಳೆಸುವುದು ಉಚಿತವಲ್ಲ. ಆದರೆ ಆ ಸಾವು ಭಾರತದ ಕಲಾವಿದರ ನಡುವೆ ಎಬ್ಬಿಸಿದ ಪ್ರಶ್ನೆಗಳು ಇನ್ನೂ ಇವೆ: ಆದಿವಾಸಿ ಕಲಾವಿದನನ್ನು ಹೊರದೇಶಕ್ಕೆ ಕರೆಸಿಕೊಳ್ಳುವಾಗ ಒಪ್ಪಂದವೇನು, ಸಂಭಾವನೆಯೇನು, ಆತನ ಮಾತು ತಿಳಿಯುವ ಒಬ್ಬರಾದರೂ ಜೊತೆಗಿರುತ್ತಾರೆಯೇ? ಕರಕುಶಲಿಗನಿಗೆ ದಿನಗೂಲಿ, ಕಲಾವಿದನಿಗೆ ಕೃತಿಯ ಬೆಲೆ ಎಂಬ ಭೇದ ಎಲ್ಲಿಂದ ಆರಂಭವಾಗುತ್ತದೆ? ಪದಗಳಿಗೆ ಹಣದ ರೂಪದ ಪರಿಣಾಮವಿರುತ್ತದೆ. ‘ಪರಂಪರೆ’ ಎಂದಾಗ ಕೃತಿಗೆ ಒಡೆಯನಿಲ್ಲದಂತಾಗುತ್ತದೆ. ‘ಸ್ವಯಂಶಿಕ್ಷಿತ’ ಎಂದಾಗ ಕೃತಿಯ ಹಿಂದಿನ ಸಮುದಾಯಕ್ಕೆ ಸಲ್ಲಬೇಕಾದ ಋಣವಿಲ್ಲದಂತಾಗುತ್ತದೆ.

5

ಈ ಮಾತು ಕನ್ನಡ ಜಾನಪದ ಅಧ್ಯಯನಕ್ಕೂ ಅನ್ವಯಿಸುತ್ತದೆ. ನಮ್ಮ ಸಂಗ್ರಹಗಳ ಮುಖಪುಟದಲ್ಲಿ ಸಂಪಾದಕರ ಹೆಸರಿರುತ್ತದೆ. ಹಾಡಿದವರು ಒಳಪುಟದಲ್ಲಿ ‘ವಕ್ತೃ’ಗಳಾಗಿ, ಊರು ವಯಸ್ಸುಗಳೊಂದಿಗೆ, ಒಂದು ಸಾಲಿನಲ್ಲಿ ಮುಗಿಯುತ್ತಾರೆ. ಹಾಡು ಜನಾಂಗದ್ದು, ಹಾಡುಗಾರ ಅದರ ವಾಹಕ ಎಂಬ ಹಳೆಯ ಕಲ್ಪನೆ ಇದಕ್ಕೆ ಸಮರ್ಥನೆ ಒದಗಿಸಿದೆ. ಕಂಸಾಳೆಯವರ, ನೀಲಗಾರರ ಕಾವ್ಯಗಳನ್ನು ಕೇಳಿದವರಿಗೆ ಗೊತ್ತು, ಒಂದೇ ಸಾಲನ್ನು ಇಬ್ಬರು ಎತ್ತುವ ಬಗೆಯಲ್ಲಿ ಎರಡು ಲೋಕಗಳಿರುತ್ತವೆ. ಚಿತ್ರದಲ್ಲಿ ತುಂಬುವಿಕೆಯ ಗುರುತಿನಿಂದ ಕೈಯನ್ನು ಪತ್ತೆ ಹಚ್ಚುವ ವಿಮರ್ಶೆ ಇಂದು ಸಾಧ್ಯವಾಗಿದೆ. ಹಾಡಿನಲ್ಲಿ ಕಂಠವನ್ನು ಹಾಗೆ ಪತ್ತೆ ಹಚ್ಚುವ ವಿಮರ್ಶೆಯ ಪರಿಭಾಷೆಯನ್ನು ನಾವು ಇನ್ನೂ ಸಾಕಷ್ಟು ಬೆಳೆಸಿಲ್ಲ. ಧ್ವನಿಮುದ್ರಣಗಳು ನಮ್ಮ ವಿಭಾಗಗಳ ಕಪಾಟುಗಳಲ್ಲಿ ಬಿದ್ದಿರುವಾಗ ಮುದ್ರಿತ ಪಠ್ಯವನ್ನಷ್ಟೇ ಓದುವ ಅಭ್ಯಾಸ ಇದಕ್ಕೆ ಒಂದು ಕಾರಣ.

2023ರಲ್ಲಿ ಮಧ್ಯಪ್ರದೇಶದ ಗೊಂಡ ಚಿತ್ರಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನಕಲಿ ಸರಕಿನ ವಿರುದ್ಧ ಇದೊಂದು ರಕ್ಷಣೆ, ಬೇಕಾದದ್ದೇ. ಆದರೆ ಭೌಗೋಳಿಕ ಗುರುತು ನೆಲಕ್ಕೂ ಸಮುದಾಯಕ್ಕೂ ಸಲ್ಲುವಂಥದು. ಪರಧಾನರ ಹೆಸರೂ ಜನಗಢರ ಹೆಸರೂ ‘ಗೊಂಡ’ ಎಂಬ ವಿಶಾಲ ಪದದೊಳಗೆ ಕರಗುತ್ತವೆ. 1980ರ ದಶಕದಲ್ಲಿ ಒಬ್ಬ ಯುವಕನ ಕೈಯಲ್ಲಿ ಕಾಗದಕ್ಕಿಳಿದ ರೂಪವನ್ನು ಅನಾದಿಕಾಲದಿಂದ ಬಂದ ಗೊಂಡ ಚಿತ್ರಕಲೆಯೆಂದು ಮಾರಾಟದ ಚೀಟಿಗಳು ವರ್ಣಿಸುತ್ತವೆ.

ಜನಗಢರ ಕೃತಿಗಳನ್ನು ನೋಡಲು ಕನ್ನಡದ ಸಂಶೋಧಕರು ಈಗ ಭೋಪಾಲದವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವು ಅವರ ಕೃತಿಗಳನ್ನು ಸಂಗ್ರಹಿಸಿದೆ. ಆ ಸಂಗ್ರಹವನ್ನು ಆಧರಿಸಿ ಜ್ಯೋತೀಂದ್ರ ಜೈನ್ ಅವರು ಬರೆದ ಗ್ರಂಥವನ್ನೂ ಹೊರತಂದಿದೆ. 1998ರಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ‘ಇತರ ಗುರುಗಳು’ ಎಂಬರ್ಥದ ಪ್ರದರ್ಶನವನ್ನು ಏರ್ಪಡಿಸಿ, ಜನಗಢರನ್ನು ಹೆಸರಿರುವ ಕಲಾವಿದರಾಗಿ ನೋಡಲು ಕಲಿಸಿದವರು ಅವರೇ. ಆ ರೇಖೆಗಳ ಮುಂದೆ ನಿಲ್ಲುವ ಮೊದಲು ಹಿವಾಳೆಯವರ ಗ್ರಂಥದಲ್ಲಿ ಬಾನಾದ ಅಧ್ಯಾಯಗಳನ್ನು ಓದಿಕೊಂಡು, ಸಾಧ್ಯವಾದರೆ ಬಾನಾದ ಒಂದು ಧ್ವನಿಮುದ್ರಣವನ್ನೂ ಕೇಳಿ ಹೋಗುವುದು ಒಳ್ಳೆಯದು.